ಸಿನಿಮಾ ಮುಗಿದ ಮೇಲೆ ಎರಡು ಬುಟ್ಟಿ

ಶಿರಸಿ ಸುತ್ತಮುತ್ತಲಿನ ಶಾಲೆಗಳಲ್ಲಿ ನಾನು ಸಿನಿಮಾ ತೋರಿಸಿ, ಅದರಲ್ಲಿ ಎಷ್ಟು ನಿಜ, ಎಷ್ಟು ಕಟ್ಟುಕತೆ ಎಂದು ಹೇಳಲು ಶುರು ಮಾಡಿ ಆರು ವರ್ಷ ಆಯ್ತು. ಮೊದಲ ಎರಡು ವರ್ಷ ಕೈಯಿಂದಲೇ ದುಡ್ಡು ಹೋಯ್ತು, ಮೂವತ್ತು ಸಾವಿರದ ಹತ್ತಿರ. "ಸುಮ್ನೆ ಸಿನಿಮಾ ತೋರಿಸು ಮಾರಾಯ, ಅದರ ಹಿಂದಿನ ಇತಿಹಾಸ ಯಾರಿಗೆ ಬೇಕು?" ಎಂದವರೇ ಜಾಸ್ತಿ. ಈಗ ಅವರೇ ತಮ್ಮೂರ ಶಾಲೆಗೆ ಯಾವಾಗ ಬರ್ತೀಯ ಎಂದು ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪ್ರೊಜೆಕ್ಟರ್, ಪರದೆ, ಸ್ಪೀಕರಿನ ವಿಷಯ ಈ ಕೆಲಸ ಮಾಡುವವರಿಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಸಲ ತೋರಿಸಿದ್ದು 1993ರ 'ಕೂಲ್ ರನ್ನಿಂಗ್ಸ್'. ಹಿಮವೇ ಬೀಳದ ಜಮೈಕಾದ ನಾಲ್ವರು 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ಗೆ ಹೋಗಿ ಬಾಬ್‌ಸ್ಲೆಡ್, ಅಂದರೆ ಮಂಜುಗಡ್ಡೆಯ ಇಳಿಜಾರು ದಾರಿಯಲ್ಲಿ ಜಾರುವ ಬಂಡಿ, ಓಡಿಸುವ ನಗೆಕತೆ. ಇಂಗ್ಲಿಷ್ ಮಾತು ನಮ್ಮ ಮಕ್ಕಳ ತಲೆಗೆ ಹತ್ತುವುದಿಲ್ಲ. ಪೂರ್ತಿ ಅನುವಾದದ ಗೋಜಿಗೆ ಹೋಗದೆ, ಸುಮಾರು 70 ಸಾಲು ಕನ್ನಡದಲ್ಲಿ ಬರೆದುಕೊಂಡು ಮೈಕಿನಲ್ಲಿ ಹೇಳುತ್ತೇನೆ. ಯಾವ ಮಾತು ಹೇಳಬೇಕು, ಯಾವುದನ್ನು ಬಿಡಬೇಕು ಎನ್ನುವುದು ನನ್ನ ಗುಟ್ಟು, ಅದು ನನ್ನ ಹತ್ತಿರವೇ ಇರಲಿ.

ಮೊದಲು ಮಾಡಿದ ತಪ್ಪು, ಸಿನಿಮಾಕ್ಕಿಂತ ಮೊದಲೇ ಅರ್ಧ ಗಂಟೆ ಭಾಷಣ. ಹಿಂದಿನ ಸಾಲಿನವರು ನಿದ್ದೆ ಹೋದರು. ಮರುವರ್ಷ ಏಳು ಕಡೆ ಸಿನಿಮಾ ನಿಲ್ಲಿಸಿ "ಇದು ನಿಜ, ಇದು ಸುಳ್ಳು" ಎಂದೆ. ಬಂಡಿ ಮಗುಚುವ ಹೊತ್ತಿಗೆ ನಿಲ್ಲಿಸಿದಾಗ ಮಕ್ಕಳೆಲ್ಲ ಒಟ್ಟಿಗೆ "ಹಾಕಿ ಸರ್, ಹಾಕಿ!" ಎಂದು ಕೂಗಿದರು. ದೊಡ್ಡವರು ಎದ್ದು ಹೋದರು. ಅವತ್ತು ಕರೆಂಟೂ ಹೋಗಿ ಜನರೇಟರಿಗೆ 1,800 ರೂಪಾಯಿ ಕೊಟ್ಟಿದ್ದೆ. ರಾತ್ರಿ ಮನೆಗೆ ಬಂದು ಊಟ ಮಾಡಲಿಲ್ಲ.

ಮೂರನೆಯ ವರ್ಷ ಸಿನಿಮಾ ನಿಲ್ಲಿಸುವುದನ್ನೇ ಬಿಟ್ಟೆ. ಪೂರ್ತಿ ನೋಡಲಿ, ನಗಲಿ, ಅಳಲಿ. ಮುಗಿದ ಮೇಲೆ ಎರಡು ಅಡಿಕೆ ಬುಟ್ಟಿ ಇಡುತ್ತೇನೆ. ಒಂದರ ಮೇಲೆ 'ನಡೆದದ್ದು', ಇನ್ನೊಂದರ ಮೇಲೆ 'ಕಟ್ಟಿದ್ದು'. ನಾಲ್ಕು ಮಕ್ಕಳಿಗೆ ಸಂಗತಿಗಳನ್ನು ಬರೆದ ಒಂದು ಕಟ್ಟು ಚೀಟಿ. ಜಗಳ ಆಡಿ ಹಾಕಬೇಕು, ಆಮೇಲೆ ನಾನು ಬುಟ್ಟಿ ಬಿಚ್ಚುತ್ತೇನೆ.

ಇದೂ ಮೊದಲ ಸಲ ಕೆಟ್ಟಿತು. 'ಬಂಡಿ ಮಗುಚಿತು, ನಾಲ್ವರೂ ಅದನ್ನು ಹೆಗಲ ಮೇಲೆ ಹೊತ್ತು ಗೆರೆ ದಾಟಿದರು' ಎಂದು ಒಂದೇ ಚೀಟಿ ಬರೆದಿದ್ದೆ. ಯಾವ ಬುಟ್ಟಿಗೆ ಹಾಕಿದರೂ ಅರ್ಧ ತಪ್ಪು! ಮಗುಚಿದ್ದು ನಿಜ, ಮೂರನೆಯ ಓಟದಲ್ಲಿ. ಎದ್ದು ಬಂಡಿಯ ಪಕ್ಕದಲ್ಲಿ ನಡೆದು ಬಂದದ್ದೂ ನಿಜ, ಜನ ಚಪ್ಪಾಳೆ ತಟ್ಟಿದ್ದೂ ನಿಜ. ಹೆಗಲ ಮೇಲೆ ಹೊತ್ತದ್ದು ಸಿನಿಮಾದವರು ಕಟ್ಟಿದ್ದು. ಬಂಡಿಯ ಭಾಗ ಕಳಚಿತು ಅನ್ನುವುದೂ, ಪದಕ ಕೈಗೆ ಸಿಗುವಷ್ಟು ಹತ್ತಿರ ಇತ್ತು ಅನ್ನುವುದೂ ಕಟ್ಟಿದ್ದೇ. ಒಂದು ಚೀಟಿಗೆ ಒಂದೇ ಸಂಗತಿ ಎಂದು ಅವತ್ತು ಕಲಿತೆ. ಒಂದು ಚೀಟಿ ಹಲವಾಯಿತು.

ಮಕ್ಕಳು ಹೆಚ್ಚು ಏಮಾರುವುದು ತರಬೇತುದಾರನ ಚೀಟಿಯಲ್ಲಿ. ಹಿಂದೆ ಮೋಸ ಮಾಡಿ ಸಿಕ್ಕಿಬಿದ್ದ ಆ ದಪ್ಪ ಮನುಷ್ಯನನ್ನು ಎಲ್ಲರೂ 'ನಡೆದದ್ದು' ಬುಟ್ಟಿಗೆ ಹಾಕುತ್ತಾರೆ. ಅಂಥವನೊಬ್ಬ ಇರಲೇ ಇಲ್ಲ. ನಿಜವಾದ ತರಬೇತುದಾರರಲ್ಲಿ ಒಬ್ಬರು ಹೊವಾರ್ಡ್ ಸೈಲರ್. ತಂಡ ಕಟ್ಟುವ ಯೋಚನೆ ಜಾರ್ಜ್ ಫಿಚ್, ವಿಲಿಯಂ ಮಲೋನಿ ಎಂಬ ಇಬ್ಬರು ಅಮೆರಿಕನ್ನರದು. ಜಮೈಕಾದ ತಳ್ಳುಗಾಡಿ ರೇಸ್ ನೋಡಿ ಹೊಳೆದದ್ದಂತೆ. ಓಟಗಾರರು ಒಪ್ಪದಿದ್ದಾಗ ಸೈನ್ಯದಲ್ಲಿ ಜನ ಹುಡುಕಿದರು. ಬಂಡಿ ನಡೆಸಿದ ಡಡ್ಲಿ ಸ್ಟೋಕ್ಸ್ ಹೆಲಿಕಾಪ್ಟರ್ ಪೈಲಟ್. ಬೇರೆ ದೇಶದವರು ಹೀಯಾಳಿಸಿದರು ಅನ್ನುವುದೂ ಹೆಚ್ಚಿನ ಮಟ್ಟಿಗೆ ಕಟ್ಟಿದ್ದೇ.

ನಿಜದ ಕತೆಯೇ ಸಿನಿಮಾಕ್ಕಿಂತ ದೊಡ್ಡದಾಗುವ ಜಾಗ ಒಂದಿದೆ. ತಂಡದ ಒಬ್ಬನಿಗೆ ಗಾಯವಾಯಿತು. ಆಗ ಅಣ್ಣನ ಆಟ ನೋಡಲು ಬಂದಿದ್ದ ಡಡ್ಲಿಯ ತಮ್ಮ ಕ್ರಿಸ್‌ನನ್ನೇ ಬಂಡಿಗೆ ಹತ್ತಿಸಿದರು. ಅವನು ಅದುವರೆಗೆ ಬಾಬ್‌ಸ್ಲೆಡ್ ಹತ್ತಿದವನೇ ಅಲ್ಲ. ಸಿನಿಮಾದಲ್ಲಿ ಇದಿಲ್ಲ. ಇದನ್ನು ಹೇಳುವಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಇಬ್ಬರ ಬಂಡಿಯ ಸ್ಪರ್ಧೆಯಲ್ಲೂ ಜಮೈಕಾ ಇತ್ತು, 30ನೇ ಸ್ಥಾನ. ಅದನ್ನೂ ಸಿನಿಮಾ ಬಿಟ್ಟಿದೆ. 1994ರ ಲಿಲ್ಲಹ್ಯಾಮರ್ ಒಲಿಂಪಿಕ್ಸ್‌ನಲ್ಲಿ ಜಮೈಕಾದ ನಾಲ್ವರ ತಂಡ 14ನೇ ಸ್ಥಾನಕ್ಕೆ ಬಂತು, ಅಮೆರಿಕದವರಿಗಿಂತ ಮುಂದೆ. ಇದು ಕೊನೆಯ ಚೀಟಿ. ಬಹುತೇಕ ಮಕ್ಕಳು 'ಕಟ್ಟಿದ್ದು' ಎಂದು ಹಾಕಿ ಸೋಲುತ್ತಾರೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅಡಿಕೆ ಹಾಳೆ ಮೇಲೆ ಕೂತು ಎಳೆಸಿಕೊಂಡವರಿಗೆ ಜಾರುವುದು ಹೊಸತಲ್ಲ, ಅಲ್ವಾ? ಆದರೆ ಬಾಬ್‌ಸ್ಲೆಡ್‌ನಲ್ಲಿ ಮೊದಲು ಸುಮಾರು 50 ಮೀಟರ್ ತಳ್ಳಿಕೊಂಡು ಓಡಿ ಆಮೇಲೆ ಹಾರಿ ಕೂರಬೇಕು. ಓಟಗಾರರು ಅದಕ್ಕೇ ಬೇಕಾದದ್ದು. ಅದನ್ನು ತೋರಿಸಲು ಗ್ಯಾರೇಜಿನಿಂದ ಹಳೇ ಬೇರಿಂಗ್ ನಾಲ್ಕು ತಂದೆ, ಒಟ್ಟು 300 ರೂಪಾಯಿ. ಹಲಗೆಗೆ ಜೋಡಿಸಿ ಗಾಡಿ ಮಾಡಿದೆವು. ನಾಲ್ವರು ಹತ್ತಿದ ಕೂಡಲೇ ಹಲಗೆ ಸೀಳಿತು. ದಪ್ಪ ಹಲಗೆ ಹಾಕಿ ಇಬ್ಬರನ್ನೇ ಕೂರಿಸಿದೆ. ಶಾಲೆಯ ಎದುರಿನ ಡಾಂಬರು ಇಳಿಜಾರಿನಲ್ಲಿ ಸುಮ್ನೆ ಕೂತು ಬಿಟ್ಟರೆ ಹದಿನೆಂಟು ಸೆಕೆಂಡ್, ಹತ್ತು ಹೆಜ್ಜೆ ತಳ್ಳಿ ಹಾರಿದರೆ ಹದಿನಾಲ್ಕು. ಮೊಬೈಲಿನಲ್ಲಿ ಅಳೆದದ್ದು, ಆಚೀಚೆ ಇರಬಹುದು. ಒಬ್ಬ ಹುಡುಗನ ಮೊಣಕಾಲು ತರಚಿತು. ಅಂದಿನಿಂದ ಗಾಡಿ ಹತ್ತುವವರಿಗೆ ಹೆಲ್ಮೆಟ್, ಉದ್ದ ಪ್ಯಾಂಟ್ ಕಡ್ಡಾಯ.

ಈಗ ಒಂದು ಪ್ರದರ್ಶನಕ್ಕೆ ಬಾಡಿಗೆ, ವಾಹನ ಸೇರಿ ಎರಡೂವರೆ ಸಾವಿರ ಬೀಳುತ್ತದೆ. ಶಾಲೆಯವರು ಮೂರು ಕೊಡುತ್ತಾರೆ. ನಷ್ಟ ಇಲ್ಲ.

ಹೋದ ವರ್ಷ ಯಲ್ಲಾಪುರದ ಕಡೆ ತೋರಿಸಿದಾಗ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ವಯಸ್ಸಾದ ಹೆಂಗಸೊಬ್ಬರು ಕೊನೆಯವರೆಗೂ ಕೂತಿದ್ದರು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನು ಓಟದ ತರಬೇತಿಗೆ ಆರಿಸಿಕೊಂಡಿತ್ತು. ಅವರ ಮನೆಯಿಂದಲೂ ಒಬ್ಬರು ಹೋಗಿದ್ದರಂತೆ. "ಇದಕ್ಕೂ ಚೀಟಿ ಬರೀರಿ" ಎಂದರು. ಮೂರು ಸಲ ಅವರ ಮನೆಗೆ ಹೋಗಿ ಕೇಳಿ ಬಂದಿದ್ದೇನೆ. ಇಲ್ಲಿಯವರೆಗೆ ಒಂಬತ್ತು ಚೀಟಿ ಆಗಿವೆ.