ಎಡಿಎಚ್‌ಡಿ ಮಾತ್ರೆ: ಮಗುವಿಗೆ ಹೊಂದುವ ಡೋಸ್ ಹುಡುಕುವುದು ಹೇಗೆ?

‘ಪಕ್ಕದ ಮನೆ ಹುಡುಗನಿಗೆ 20 ಮಿಲಿಗ್ರಾಂ ಕೊಡ್ತಾರಂತೆ, ನಮ್ಮವನಿಗೆ ಬರೀ 5 ಬರೆದಿದ್ದಾರಲ್ಲ?’ ತಂದೆ–ತಾಯಿಯರಿಗೆ ಹೀಗನ್ನಿಸುವುದು ಸಹಜ. ಆದರೆ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಸಾಮಾನ್ಯವಾಗಿ ಮೊದಲು ಬರೆಯುವ ಮೀಥೈಲ್‌ಫೆನಿಡೇಟ್‌ನ ಡೋಸ್, ವಯಸ್ಸು–ತೂಕ ನೋಡಿದ ಕೂಡಲೇ ಹೇಳಿಬಿಡುವಂಥದ್ದಲ್ಲ. ಒಂದೇ ಬೆಂಚಿನ, ಒಂದೇ ತೂಕದ ಇಬ್ಬರಲ್ಲಿ ಒಬ್ಬನಿಗೆ 10 ಸಾಕು, ಇನ್ನೊಬ್ಬನಿಗೆ 30 ಬೇಕಾಗಬಹುದು. ಕಡಿಮೆಯಿಂದ ಶುರುಮಾಡಿ ನೋಡಿಕೊಂಡು ಏರಿಸಬೇಕು. ಏರಿಸುವುದು ಡಾಕ್ಟರ ಕೆಲಸ, ನೋಡಿ ಬರೆದಿಡುವುದು ಮನೆಯವರ ಕೆಲಸ.

ಮಾತ್ರೆಗೆ ಮುಂಚೆ

ಕಿವಿ ಮಂದವಾಗಿದ್ದರೂ, ಕಲಿಕೆಯ ತೊಂದರೆಯಿದ್ದರೂ, ನಿದ್ದೆ ಸಾಲದಿದ್ದರೂ ಮಗು ಪಾಠದಲ್ಲಿ ಮನಸ್ಸಿಡುವುದಿಲ್ಲ. ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆಯೂ ಮನಶ್ಶಾಸ್ತ್ರಜ್ಞರ ಪರೀಕ್ಷೆಯೂ ಒಂದೇ ಕಡೆ ಆಗುತ್ತವೆ. ಔಷಧಕ್ಕೆ ಮನೋವೈದ್ಯರನ್ನೋ ಮಕ್ಕಳ ತಜ್ಞರನ್ನೋ ಕಾಣಬೇಕು, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ (ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ) ಇದೆ. 6 ವರ್ಷದೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಪೋಷಕರಿಗೆ ಕೊಡುವ ತರಬೇತಿ.

ಎತ್ತರ, ತೂಕ, ನಾಡಿ, ಬಿಪಿ ಬರೆಸಿಕೊಳ್ಳಿ. ಮಗು ಓಡುವಾಗ ಪ್ರಜ್ಞೆ ತಪ್ಪಿ ಬಿದ್ದಿದ್ದರೆ, ಮನೆತನದಲ್ಲಿ ಯಾರಾದರೂ 40ರೊಳಗೆ ಹಠಾತ್ತಾಗಿ ತೀರಿಕೊಂಡಿದ್ದರೆ, ಡಾಕ್ಟರು ಕೇಳದಿದ್ದರೂ ಹೇಳಿ. ಮೊದಲು ಹೃದಯದ ತಪಾಸಣೆ ಆಗಬೇಕಾಗುತ್ತದೆ.

ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟಕ್ಕೆ ಬಿಗಿ ನಿಯಂತ್ರಣವಿರುವ ಪಟ್ಟಿಯದು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರೇ ಇಟ್ಟುಕೊಳ್ಳುತ್ತಾರೆ. ವಾಟ್ಸ್ಆ್ಯಪ್ ಫೋಟೊ ನಡೆಯುವುದಿಲ್ಲ. ಎಲ್ಲ ಮೆಡಿಕಲ್‌ಗಳಲ್ಲೂ ಇದು ಸಿಗದ ಕಾರಣ, ಒಂದು ವಾರದ ಮಾತ್ರೆ ಕೈಯಲ್ಲಿರುವಾಗಲೇ ಮುಂದಿನದಕ್ಕೆ ಫೋನ್ ಮಾಡಿ.

ವಾರ ವಾರ ಏರಿಸುವುದು

ಶಾಲೆ ನಡೆಯುವ ದಿನಗಳಲ್ಲೇ ಶುರುಮಾಡಿ. ದಸರಾ ರಜೆಯಲ್ಲಿ ಹಿಡಿದರೆ ಮೇಷ್ಟ್ರ ಅಭಿಪ್ರಾಯವೇ ಸಿಗದೆ ಎರಡು ವಾರ ಹಾಳು. ಸಾಮಾನ್ಯವಾಗಿ 5 ಮಿಲಿಗ್ರಾಂ, ದಿನಕ್ಕೆ ಒಂದು ಅಥವಾ ಎರಡು ಸಲ ಎಂದು ಆರಂಭ. ವಾರಕ್ಕೊಮ್ಮೆ 5ರಿಂದ 10 ಮಿಲಿಗ್ರಾಂ ಹೆಚ್ಚಿಸುತ್ತಾರೆ. ದಿನಕ್ಕೆ 60 ವಾಡಿಕೆಯ ಗರಿಷ್ಠ ಮಿತಿ. ಸಾಮಾನ್ಯ ಮಾತ್ರೆಯ ಪರಿಣಾಮ 3–4 ಗಂಟೆ, ನಿಧಾನವಾಗಿ ಬಿಡುಗಡೆಯಾಗುವುದರದ್ದು 8–12 ಗಂಟೆ. ಈ ಎರಡನೆಯದನ್ನು ಪುಡಿಮಾಡಿ ಹಾಲಿಗೆ ಹಾಕಲೇಬಾರದು, ದಿನವಿಡೀ ಬರಬೇಕಾದ ಔಷಧ ಒಮ್ಮೆಗೇ ಮೈಗೇರುತ್ತದೆ.

ಒಂದು ನೋಟ್‌ಬುಕ್ ಇಡಿ. ಒಂದು ದಿನದ ಪುಟ ಹೀಗಿದ್ದರೆ ಸಾಕು: ‘ಸೋಮವಾರ. 5 ಮಿ.ಗ್ರಾಂ., 8.15ಕ್ಕೆ, ಎರಡು ಇಡ್ಲಿ ತಿಂದ ಮೇಲೆ. ಮೊದಲ ಎರಡು ಪೀರಿಯಡ್ ಕೂತು ಬರೆದ. 12ರ ಮೇಲೆ ಮತ್ತೆ ಎದ್ದು ಓಡಾಟ. ಡಬ್ಬಿಯಲ್ಲಿ ಅರ್ಧ ಅನ್ನ ವಾಪಸ್. ರಾತ್ರಿ ಮಲಗಿದ್ದು 9.30, ನಿದ್ದೆ ಬಂದದ್ದು 10.30.’ ಈ ಪುಟ ನೋಡಿದರೆ ಡೋಸ್ ಕೆಲಸ ಮಾಡಿದೆ, ಆದರೆ ಮಧ್ಯಾಹ್ನಕ್ಕೇ ಇಳಿದುಹೋಗಿದೆ ಎಂದು ಡಾಕ್ಟರಿಗೆ ಗೊತ್ತಾಗುತ್ತದೆ. ಬರೀ ‘ಸ್ವಲ್ಪ ಪರವಾಗಿಲ್ಲ ಸಾರ್’ ಎಂದರೆ ಏನೂ ಗೊತ್ತಾಗುವುದಿಲ್ಲ. ಮೇಷ್ಟ್ರಿಂದಲೂ ವಾರಕ್ಕೆ ನಾಲ್ಕು ಸಾಲು ಬರೆಸಿಕೊಳ್ಳಿ. ಮಾತ್ರೆಯ ಹೊತ್ತಿನಲ್ಲಿ ಮಗು ಇರುವುದು ಅವರ ಕಣ್ಣೆದುರು.

ಎಲ್ಲಿ ಎಡವಟ್ಟಾಗುತ್ತದೆ

ಹೆಚ್ಚು ಕಳವಳದ ತಪ್ಪು ಇದು: ಮಗು ಮಂಕಾಗಿ, ಆಟ–ನಗು ಬಿಟ್ಟು ಮೂಲೆಯಲ್ಲಿ ಕೂತರೆ ‘ಈಗ ಜಾಣನಾದ’ ಎಂದು ಎಲ್ಲರೂ ಸಮಾಧಾನಪಡುವುದು. ಅದು ಗುಣವಾದ ಲಕ್ಷಣವಲ್ಲ, ಡೋಸ್ ಹೆಚ್ಚಾಗಿರಬಹುದಾದ ಲಕ್ಷಣ. ಸರಿಯಾದ ಡೋಸ್‌ನಲ್ಲಿ ಮಗುವಿನ ತುಂಟತನ, ಮಾತು ಹಾಗೇ ಇರುತ್ತದೆ, ಹಿಡಿದ ಕೆಲಸ ಮುಗಿಯುತ್ತದೆ. ಸಂಜೆ 4ರ ಸುಮಾರಿಗೆ ಮಾತ್ರ ಸಿಡುಕು, ಅಳು ಬಂದರೆ ಅದು ಬಹುಮಟ್ಟಿಗೆ ಔಷಧ ಇಳಿಯುವ ಹೊತ್ತಿನ ಕಿರಿಕಿರಿ. ಸಮಯವನ್ನೂ ಬರೆದಿದ್ದರೆ ಈ ವ್ಯತ್ಯಾಸ ಡಾಕ್ಟರಿಗೆ ತಿಳಿಯುತ್ತದೆ.

ಹಸಿವು ಕಡಿಮೆಯಾಗುವುದು ಸಾಮಾನ್ಯ. ಮಾತ್ರೆಗೆ ಮುಂಚೆಯೇ ಹೊಟ್ಟೆತುಂಬ ತಿಂಡಿ ಕೊಡಿ. ಮಧ್ಯಾಹ್ನದ ಡಬ್ಬಿಗಾಗಿ ಗದರಬೇಡಿ. ಹಸಿವು ಮರಳುವ ಸಂಜೆಗೆ ರಾಗಿ ಮಾಲ್ಟು, ಕಡಲೆಕಾಯಿ ಮಿಠಾಯಿ, ರಾತ್ರಿಗೆ ತುಪ್ಪ ಹಾಕಿದ ಮುದ್ದೆ–ಸಾರು ಇರಲಿ. ಟ್ಯೂಷನ್‌ಗೆಂದು ಸಂಜೆ ಇನ್ನೊಂದು ಮಾತ್ರೆಯನ್ನು ನೀವಾಗಿಯೇ ಸೇರಿಸಿದರೆ ನಿದ್ದೆ ಕೆಡುತ್ತದೆ. ಬೆಳಗಿನದು ಮರೆತರೆ ಮಾರನೆಯ ದಿನ ಎರಡು ಕೊಡಬೇಡಿ. ಎದೆನೋವು, ಪ್ರಜ್ಞೆ ತಪ್ಪುವುದು, ಇಲ್ಲದ್ದು ಕಾಣಿಸುವುದು ಇದ್ದರೆ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಹೊಂದದಿದ್ದರೆ

ಸಾಕಷ್ಟು ಡೋಸ್‌ಗೆ ಏರಿಸಿದ ಮೇಲೂ ಫಲ ಕಾಣದಿದ್ದರೆ ಆಟೊಮಾಕ್ಸೆಟಿನ್ ಎಂಬ ಬೇರೆ ಔಷಧ ಇದೆ. ಇದರ ಲೆಕ್ಕ ಮಾತ್ರ ತೂಕದ ಮೇಲೆ: ಕಿಲೋಗೆ 0.5 ಮಿಲಿಗ್ರಾಂನಿಂದ ಶುರುಮಾಡಿ ಸುಮಾರು 1.2ಕ್ಕೆ ಒಯ್ಯುತ್ತಾರೆ. 25 ಕಿಲೋ ಮಗುವಿಗೆ ಅದು ದಿನಕ್ಕೆ 30 ಮಿಲಿಗ್ರಾಂ ಆಸುಪಾಸು. ಪೂರ್ತಿ ಪರಿಣಾಮಕ್ಕೆ 4ರಿಂದ 6 ವಾರ ಕಾಯಬೇಕು. ಎರಡನೇ ವಾರಕ್ಕೇ ‘ಇದೂ ಕೆಲಸಕ್ಕೆ ಬಾರದು’ ಎಂದು ಬಿಟ್ಟುಬಿಡಬೇಡಿ. ಮಗು ಸಾಯುವ ಮಾತಾಡಿದರೆ, ಕಣ್ಣು ಹಳದಿಯಾದರೆ, ಅದೇ ದಿನ ಡಾಕ್ಟರಿಗೆ ತೋರಿಸಿ.

ಡೋಸ್ ನೆಲೆಗೊಂಡ ಮೇಲೂ 3 ತಿಂಗಳಿಗೊಮ್ಮೆ ತೂಕ, 6 ತಿಂಗಳಿಗೊಮ್ಮೆ ಎತ್ತರ, ಪ್ರತಿ ಭೇಟಿಯಲ್ಲೂ ನಾಡಿ–ಬಿಪಿ ಅದೇ ನೋಟ್‌ಬುಕ್‌ಗೆ ಸೇರಲಿ. ವರ್ಷಕ್ಕೊಮ್ಮೆ, ಪರೀಕ್ಷೆ ಇಲ್ಲದ ವಾರಗಳಲ್ಲಿ, ಮಾತ್ರೆ ಇನ್ನೂ ಬೇಕೇ ಎಂಬುದನ್ನು ಡಾಕ್ಟರ ಜತೆ ಕೂತು ನೋಡಿ.