ಲಾವಂಚದ ಎಣ್ಣೆ: ಸಣ್ಣ ಹಂಡೆ, ಇಪ್ಪತ್ತನಾಲ್ಕು ಗಂಟೆ

ಐವತ್ತು ಕಿಲೋ ಒಣ ಬೇರಿಗೆ ಐನೂರು ಚಿಲ್ಲರೆ ಗ್ರಾಂ ಎಣ್ಣೆ. ಸಣ್ಣ ಹಂಡೆಯಲ್ಲಿ ಅರ್ಧ ಪರ್ಸೆಂಟ್ ದಾಟುವುದೇ ಇಲ್ಲ ಅಂದವರು ಈಗ ಸ್ಯಾಂಪಲ್ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಿಂಬೆಹುಲ್ಲು ಬಟ್ಟಿ ಇಳಿಸಿ ಕೈ ಪಳಗಿದವರಿಗೆ ಇದು.

ಎಡವುವುದು ಹೊತ್ತಿನಲ್ಲಿ. ಹುಲ್ಲು ಮೂರು ಗಂಟೆಗೆ ಮುಗಿಯುತ್ತದೆ, ಬೇರಿಗೆ ಎಂಟು-ಹತ್ತು ಸಾಕು ಎಂದು ಬೆಂಕಿ ತೆಗೆದುಬಿಡುತ್ತಾರೆ. ನನ್ನ ಮೊದಲ ನಾಲ್ಕು ಬ್ಯಾಚೂ ಹಾಗೇ ಹೋದವು, 240-260 ಗ್ರಾಂಗೆ ನಿಂತವು. ಖುಸಿಮಾಲ್, ವೆಟಿವೋನ್‌ನಂಥ ಭಾರದ ಅಂಶಗಳು ಆಮೇಲೆ, ನಿಧಾನಕ್ಕೆ ಇಳಿಯುತ್ತವೆ. ಬಟ್ಟೆಯ ಮೇಲೆ ದಿನಗಟ್ಟಲೆ ನಿಲ್ಲುವ ಘಮ ಅವುಗಳದ್ದು, ಅತ್ತರಿನವರು ದುಡ್ಡು ಕೊಡುವುದೂ ಅದಕ್ಕೇ. ಬೇಗ ಮುಗಿಸಲು ಒತ್ತಡ ಏರಿಸಿ ನೋಡಿದೆ, ಎಣ್ಣೆಗೆ ಸುಟ್ಟ ವಾಸನೆ ಬಂತು. ಈಗ ಸಣ್ಣ ಉರಿಯಲ್ಲಿ 24 ಗಂಟೆ, ಗಂಟೆಗೆ 20 ಲೀಟರ್ ನೀರು ಇಳಿಯುವ ಲೆಕ್ಕ.

ಹಂಡೆ 500 ಲೀಟರಿನ ಸ್ಟೀಲಿನದು. ಕಬ್ಬಿಣದ ಡ್ರಮ್ಮಿನಲ್ಲಿ ಮಾಡಿದ್ದು ಕಪ್ಪಗೆ, ಲೋಹದ ವಾಸನೆ ಹೊಡೆಯುತ್ತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ತಾಮ್ರವಾದರೆ ಅತ್ತರಿಗೆ ಹೆಸರಾದ ಕನೌಜಿನ ಲಾವಂಚದ ಎಣ್ಣೆಯಾದ ಖಸ್‌ನಂತೆ ಹಸಿರು ಬಣ್ಣ ಬರುತ್ತದೆ. ಅದನ್ನೇ ಬಯಸುವ ಗಿರಾಕಿಗಳೂ ಇದ್ದಾರೆ.

ಬೇರು ಹದಿನೈದು-ಹದಿನೆಂಟು ತಿಂಗಳಿನದಾಗಿರಲಿ. ಎಳೆಯದರಲ್ಲಿ ಎಣ್ಣೆ ಕಡಿಮೆ. ಮಣ್ಣು ಪೂರ್ತಿ ಹೋಗುವಂತೆ ತೊಳೆದು, ನೆರಳಲ್ಲಿ ಒಣಗಿಸಿ, ಒಂದೆರಡು ಇಂಚಿಗೆ ಕತ್ತರಿಸಿ, ರಾತ್ರಿಯಿಡೀ ನೆನೆಸಬೇಕು. ಎರಡು ದಿನ ನೆನೆದರೆ ಹುಳಿ ವಾಸನೆ ಹಿಡಿಯುತ್ತದೆ. ಹಂಡೆಯೊಳಗಿನ ಜಾಲರಿಯ ಮೇಲೆ ತುಂಬುವಾಗ ತುಳಿದು ಒತ್ತಬೇಡಿ. ಆವಿ ಎಲ್ಲೋ ಒಂದು ಕಡೆ ಬಿಲ ಮಾಡಿಕೊಂಡು ನುಗ್ಗುತ್ತದೆ, ಉಳಿದ ಬೇರು ಹಾಗೇ ಉಳಿಯುತ್ತದೆ. ಬಟ್ಟಿ ಮುಗಿದ ಮೇಲೆ ನಡುವಿನ ಬೇರನ್ನು ಮುರಿದು ಮೂಸಿ. ಘಮ ಇದ್ದರೆ ತುಂಬಿದ್ದು ಸರಿಯಾಗಿಲ್ಲ ಎಂದೇ ಅರ್ಥ.

ಇನ್ನು ಎಣ್ಣೆ ಬೇರ್ಪಡಿಸುವುದು. ಅರ್ಧ ನಷ್ಟ ಇಲ್ಲೇ ಆಗುತ್ತಿತ್ತು. ಲಾವಂಚದ ಎಣ್ಣೆಯ ಸಾಂದ್ರತೆ ಹೆಚ್ಚುಕಮ್ಮಿ ನೀರಿನಷ್ಟೇ, ಒಂದಿಷ್ಟು ತೇಲುತ್ತದೆ, ಒಂದಿಷ್ಟು ಮುಳುಗುತ್ತದೆ, ಮಿಕ್ಕಿದ್ದು ಹಾಲಿನಂತೆ ನೀರಲ್ಲೇ ಬೆರೆತು ಹರಿದುಹೋಗುತ್ತದೆ. ಆವಿ ತಣಿಸುವ ಕಂಡೆನ್ಸರಿಗೆ ತಣ್ಣೀರು ಜಾಸ್ತಿ ಬಿಟ್ಟರೆ ಮಂದ ಎಣ್ಣೆ ಕೊಳವೆಯ ಗೋಡೆಗೇ ಅಂಟುತ್ತದೆ. ನಾನು ತಣ್ಣೀರು ಕಡಿಮೆ ಮಾಡಿ ಇಳಿಯುವ ನೀರನ್ನು 45-50 ಡಿಗ್ರಿಯಲ್ಲಿ ಇಟ್ಟೆ. ಬೆಚ್ಚಗಿದ್ದರೆ ಎಣ್ಣೆ ನೀರಿಗಿಂತ ಬೇಗ ಹಗುರಾಗಿ ಮೇಲೆ ಬರುತ್ತದೆ. ಎಣ್ಣೆ ಬೇರ್ಪಡುವ ಪಾತ್ರೆಯಿಂದ ಹೊರಬೀಳುವ ಮಬ್ಬು ನೀರು ಯು ಆಕಾರದ ಪೈಪಿನಲ್ಲಿ ಮತ್ತೆ ಜಾಲರಿಯ ಕೆಳಕ್ಕೇ ಹೋಗುತ್ತದೆ. ಇಳುವರಿ ಏರಿದ್ದು ಈ ಪೈಪ್ ಹಾಕಿದ ಮೇಲೆಯೇ. ಕೊನೆಯಲ್ಲಿ ಉಳಿದ ಮಬ್ಬಿಗೆ ಲೀಟರಿಗೆ ನೂರು ಗ್ರಾಂ ಉಪ್ಪು ಕರಗಿಸಿ ಒಂದು ರಾತ್ರಿ ಬಿಟ್ಟರೆ ಇನ್ನೂ ಮೂವತ್ತು-ನಲವತ್ತು ಗ್ರಾಂ ತೇಲುತ್ತದೆ.

ಹೊಸ ಎಣ್ಣೆಗೆ ಹಸಿ ಆಲೂಗಡ್ಡೆ ಸಿಪ್ಪೆಯ ವಾಸನೆ ಇರುತ್ತದೆ. ಗಾಬರಿ ಬೇಡ. ಗಾಜಿನ ಬಾಟಲಿಯಲ್ಲಿ ಮೂರು ತಿಂಗಳು ಕತ್ತಲಲ್ಲಿಟ್ಟು ಆಗಾಗ ಮುಚ್ಚಳ ತೆಗೆಯುತ್ತಿರಿ. ಮೊದಲ ನಾಲ್ಕು ಗಂಟೆಯ ಎಣ್ಣೆ ನಾನು ಬೇರೆ ಹಿಡಿಯುತ್ತೇನೆ, ಆಮೇಲೆ ಎಷ್ಟು ವಾಪಸ್ ಬೆರೆಸುತ್ತೇನೆ ಎಂಬ ಲೆಕ್ಕ ನನ್ನಲ್ಲೇ ಇರಲಿ.

ಇಟಲಿಯ ಫ್ಲಾರೆನ್ಸ್ ಕಡೆ ಐರಿಸ್ ಬೇರನ್ನು ಸುಲಿದು ಒಣಗಿಸಿ ಮೂರು ವರ್ಷವಾದರೂ ಇಡುತ್ತಾರೆ. ಹಸಿ ಬೇರಿಗೆ ಆ ಪರಿಮಳವಿಲ್ಲ, ಇಟ್ಟಂತೆಲ್ಲ ಐರೋನ್ ಎಂಬ ಘಮದ ಅಂಶ ಹುಟ್ಟುತ್ತದೆ. ಹಾಗೇ ಲಾವಂಚವನ್ನೂ ಗೋಣಿಯಲ್ಲಿ ಎಂಟು ತಿಂಗಳು ಇಟ್ಟು ನೋಡಿದೆ. ಎಣ್ಣೆ 430 ಗ್ರಾಂಗೆ ಇಳಿಯಿತು, ಆದರೆ ಮೊದಲ ದಿನವೇ ಆಲೂಗಡ್ಡೆ ವಾಸನೆ ಇರಲಿಲ್ಲ. ಅವಸರದ ಆರ್ಡರಿಗೆ ಈಗ ಹಾಗೆ ಇಟ್ಟ ಬೇರನ್ನೇ ಹಾಕುತ್ತೇನೆ.

ಔಷಧಿಗೆ ಮಾತ್ರ ಬಟ್ಟಿ ಇಳಿಸದ ಬೇರೇ ಆಗಬೇಕು. ಜ್ವರ, ದಾಹಕ್ಕೆ ಕೊಡುವ, ಲಾವಂಚವೂ ಸೇರಿ ಆರು ಮೂಲಿಕೆ ಕುದಿಸಿದ ಷಡಂಗ ಪಾನೀಯಕ್ಕೆ ವೈದ್ಯರು ಕೇಳುವುದು ಸಣ್ಣ, ಉದ್ದನೆಯ ಇಡೀ ಬೇರು. ಎಣ್ಣೆ ತೆಗೆದ ಬೇರನ್ನು ಒಣಗಿಸಿ ಹೊಸದೆಂದು ಮಾರುವವರಿದ್ದಾರೆ, ಅದು ಮೋಸ. ಅಗಿದು ನೋಡಿ, ಕಹಿ ಬೆರೆತ ಘಮ ಇಲ್ಲದಿದ್ದರೆ ಬಿಡಿ. ಎಣ್ಣೆ ತೆಗೆದ ಬೇರನ್ನು ನಾನು ಕೂಲರಿನ ಪರದೆ ಮಾಡುವವರಿಗೆ ಹೇಳಿಯೇ ಕೊಡುತ್ತೇನೆ.

ಒಂದು ಬ್ಯಾಚಿನ ದುಡ್ಡಿನ ಲೆಕ್ಕ: ಬೇರು ಕೊಂಡರೆ ಆರು ಸಾವಿರ, ಸೌದೆ ಎರಡೂವರೆ ಕ್ವಿಂಟಲ್‌ಗೆ ಸಾವಿರದ ಮುನ್ನೂರು, ಹಗಲು-ರಾತ್ರಿ ಇಬ್ಬರಿಗೆ ಎರಡು ಸಾವಿರ. ಸಗಟಿನಲ್ಲಿ ಕಿಲೋಗೆ ಇಪ್ಪತ್ತು ಸಾವಿರದಂತೆ ಮಾರಿದರೆ ಸಾವಿರ ರೂಪಾಯಿ ಉಳಿದರೆ ಪುಣ್ಯ. ಬೇರು ಸ್ವಂತದ್ದಾಗಿ, ಹತ್ತು ಎಂಎಲ್ ಬಾಟಲಿ ನಾನೂರೈವತ್ತಕ್ಕೆ ಹೋದರೆ ಮಾತ್ರ ಇಪ್ಪತ್ತು ಸಾವಿರದ ಹತ್ತಿರ ಬರುತ್ತದೆ. ಅಗೆಯುವ ಕೂಲಿ ಇದರಲ್ಲಿ ಸೇರಿಲ್ಲ. ಜಂಬಿಟ್ಟಿಗೆ ನೆಲದಲ್ಲಿ ಆ ಕೂಲಿಯೇ ಲಾಭ ನುಂಗುತ್ತದೆ, ಮರಳಿನ ಏರುಮಡಿ ಹಾಕಿ ನೆಟ್ಟರೆ ಕೂಲಿ ಅರ್ಧಕ್ಕಿಳಿಯುತ್ತದೆ.