ಕಲಬುರಗಿಯಲ್ಲಿ ಹಲವು ಖಾಲಿ ಪ್ಲಾಟುಗಳಿಗೆ ಬೆಲೆ ಕಟ್ಟುವ ಕ್ರಮ

ಒಂದೇ ಬಡಾವಣೆಯಲ್ಲಿ ಏಳೆಂಟು ಖಾಲಿ ಪ್ಲಾಟುಗಳಿರುವವರು ಒಂದರ ಬೆಲೆಯನ್ನು ಸಂಖ್ಯೆಯಿಂದ ಗುಣಿಸಿ ಒಟ್ಟು ಮೌಲ್ಯ ಹೇಳುವುದು ರೂಢಿ. ಆಸ್ತಿ ಪಾಲಿಗಾಗಲಿ, ಬ್ಯಾಂಕಿನ ಸಾಲಕ್ಕಾಗಲಿ ಆ ಲೆಕ್ಕ ಸಾಲದು.

ಮೊದಲು ದಾಖಲೆಗಳನ್ನು ನೋಡಬೇಕು. ಕೃಷಿಯೇತರ (ಎನ್.ಎ.) ಪರಿವರ್ತನೆಯ ಆದೇಶ, ಅನುಮೋದಿತ ಲೇಔಟ್ ನಕ್ಷೆ, ಇ-ಖಾತಾ ಇಲ್ಲದ ಪ್ಲಾಟುಗಳನ್ನು ಬೇರೆ ಗುಂಪಿಗೆ ಹಾಕಬೇಕು, ಎನ್.ಎ. ಆದ ಪ್ಲಾಟಿನ ದರ ಅವಕ್ಕೆ ಅನ್ವಯಿಸುವುದಿಲ್ಲ.

ಉಳಿದವುಗಳಲ್ಲಿ ಸಾಧಾರಣವಾದ ಒಂದನ್ನು, ಎಂದರೆ ಮೂಲೆಯದಲ್ಲದ, ಚೌಕಟ್ಟು ಸರಿಯಿರುವ 30×40 ಅಡಿಯ ಪ್ಲಾಟನ್ನು, ಮಾದರಿಯಾಗಿ ಇಟ್ಟುಕೊಂಡು, ಅದೇ ಬಡಾವಣೆಯಲ್ಲಿ ಇತ್ತೀಚೆಗೆ ನಡೆದ ಮೂರು-ನಾಲ್ಕು ಮಾರಾಟಗಳೊಂದಿಗೆ ಹೋಲಿಸಬೇಕು. ಸರ್ಕಾರದ ಮಾರ್ಗಸೂಚಿ ದರವು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ ಗೊತ್ತುಪಡಿಸಿದ್ದು, ಮಾರುಕಟ್ಟೆಯ ಬೆಲೆಯಲ್ಲ. ಕ್ರಯಪತ್ರದಲ್ಲಿ ಬರೆದ ಮೊತ್ತ ಎಷ್ಟೋ ಸಲ ಅದರ ಆಸುಪಾಸಿನಲ್ಲೇ ಇರುವುದರಿಂದ, ಕೊಂಡವರನ್ನೇ ವಿಚಾರಿಸುವುದು ಮೇಲು. ಸೇಡಂ ರಸ್ತೆಯಲ್ಲಿ ವಿಮಾನ ನಿಲ್ದಾಣದ ಹೆಸರು ಹೇಳಿ ಕೇಳುವ ಬೆಲೆಯನ್ನು ಮಾರಾಟವಾದ ಬೆಲೆಯೆಂದು ಎಣಿಸಬಾರದು.

ಬಳಿಕ ಪ್ರತಿ ಪ್ಲಾಟಿನ ಮೂಲೆ, ಮುಂದಿನ ರಸ್ತೆಯ ಅಗಲ, ದಿಕ್ಕು, ಆಕಾರ ನೋಡಿ ಮಾದರಿಯ ದರಕ್ಕೆ ಕೂಡಿಸಬೇಕು ಅಥವಾ ಕಳೆಯಬೇಕು. ನಮ್ಮ ಕಡೆ ಇಲ್ಲಿ ಮಣ್ಣಿನದೇ ದೊಡ್ಡ ಮಾತು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯವನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸಬೇಕಾಗುತ್ತದೆ, ತಗ್ಗಿದ್ದರೆ ಮುರುಮು (ಗರಸು ಮಣ್ಣು) ತುಂಬಿಸಬೇಕಾಗುತ್ತದೆ. ಬಡಾವಣೆಯ ಎರಡು ತುದಿಗಳಲ್ಲಿ ಗುಂಡಿ ತೋಡಿಸಿ ಎರೆ ಎಷ್ಟು ಆಳವಿದೆಯೆಂದು ನೋಡಿ, ಹೆಚ್ಚಿನ ಖರ್ಚನ್ನು ಎಂಜಿನಿಯರರಿಂದ ಬರೆಸಿಕೊಂಡು ಬೆಲೆಯಲ್ಲಿ ಕಳೆಯಬೇಕು. ಆದರೆ ಹೋಲಿಕೆಗೆ ತೆಗೆದುಕೊಂಡ ಪ್ಲಾಟೂ ಅಷ್ಟೇ ಆಳದ ಎರೆಯಲ್ಲಿದ್ದರೆ ಅದರ ಬೆಲೆಯಲ್ಲೇ ಈ ಕಡಿತ ಸೇರಿರುತ್ತದೆ. ಮತ್ತೊಮ್ಮೆ ಕಳೆಯುವುದು ಮಾಲೀಕನಿಗೆ ಮಾಡುವ ಅನ್ಯಾಯ.

ಕೊನೆಯದು ಕಾಲದ ಲೆಕ್ಕ. ಎಲ್ಲ ಪ್ಲಾಟುಗಳೂ ಒಮ್ಮೆಗೇ ಮಾರಾಟವಾಗುವುದಿಲ್ಲ, ತಡವಾಗಿ ಬರುವ ಹಣಕ್ಕೆ ಇಂದಿನ ಬೆಲೆ ಕಡಿಮೆ. ಉದಾಹರಣೆಗೆ, ತಲಾ 12 ಲಕ್ಷದ 8 ಪ್ಲಾಟುಗಳ ಮೊತ್ತ 96 ಲಕ್ಷ. ವರ್ಷಕ್ಕೆ ನಾಲ್ಕು ಮಾತ್ರ ಮಾರಾಟವಾಗುವಂತಿದ್ದು, ದಲ್ಲಾಳಿಗೆ ಶೇ. 2 ಕೊಟ್ಟು, ವರ್ಷಾಂತ್ಯಕ್ಕೆ ಬರುವ ಹಣವನ್ನು ಶೇ. 12ರ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ, ಮೊದಲ ವರ್ಷದ್ದು 42 ಲಕ್ಷ, ಎರಡನೆಯದು 37.5 ಲಕ್ಷ, ಒಟ್ಟು 79.5 ಲಕ್ಷವಾಗುತ್ತದೆ. ಎಲ್ಲವನ್ನೂ ಒಬ್ಬನೇ ಕೊಳ್ಳುವುದಾದರೆ ಮಾತುಕತೆ ಈ ಅಂಕಿಯಿಂದ ಆರಂಭವಾಗಬೇಕು. ಅಣ್ಣತಮ್ಮಂದಿರು ತಲಾ ಒಂದೊಂದು ಪ್ಲಾಟು ಹಂಚಿಕೊಳ್ಳುವಾಗ ಈ ಕಡಿತ ಬೇಡ. ಅಲ್ಲಿ ಬಿಡಿ ಪ್ಲಾಟಿನ ಬೆಲೆಯೇ ಸರಿ, ಮೂಲೆಯದನ್ನು ಪಡೆದವರು ವ್ಯತ್ಯಾಸದ ಹಣವನ್ನು ಉಳಿದವರಿಗೆ ಕೊಡಬೇಕು.